ಪಟ್ಟಿಗೆ ಸೇರಿಸಿದ ಒಂದು ಸಾಲು

ನಮ್ಮ ಕನ್ನಡ ಸಂಘದವರು ಮೊನ್ನೆ ಮನೆಗೆ ಬಂದು, "ಭಟ್ಟರ ಸಂತಾಪ ಸಭೆ ಇಟ್ಟುಕೊಂಡಿದ್ದೇವೆ. ಅವರನ್ನು ಹತ್ತಿರದಿಂದ ಕಂಡವರು ನೀವು. ನಾಲ್ಕು ಮಾತು ಆಡಬೇಕು" ಎಂದರು. ಗಂಟಲು ಕೆಟ್ಟಿದೆ ಎಂದು ಹೇಳಿ ಕಳಿಸಿದೆ. ಗಂಟಲಿಗೆ ಏನೂ ಆಗಿರಲಿಲ್ಲ. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕಂತೆ. ಒಳ್ಳೆಯದು ನನ್ನ ಹತ್ತಿರ ಬೇಕಾದಷ್ಟಿದೆ, ಆದರೆ ಅದನ್ನು ಆಡುವಾಗ ನನ್ನ ಮುಖ ಹೇಗಿರುತ್ತದೆ ಎಂದೂ ನನಗೆ ಗೊತ್ತು. ಹದಿನೈದು ವರ್ಷ ನಾನು ಆ ಮನುಷ್ಯನನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಈಗ ಅವರು ಇಲ್ಲ, ಕಿಚ್ಚು ಆರಬೇಕಿತ್ತಲ್ಲ? ಆರಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ತಿರುವಲ್ಲಿಕೇಣಿಯ ಒಂದು ಕಾಫಿ ಹೋಟೆಲಿನಲ್ಲಿ ಅವರು ಸಪ್ಲೈಯರ್. ಉಡುಪಿ ಕಡೆಯವರು. ಆ ಹೋಟೆಲಿನಲ್ಲಿ ಅಡುಗೆಯವರು, ಬಡಿಸುವವರು ಸೇರಿ ಏಳೆಂಟು ಜನ ಭಟ್ಟರಿದ್ದರು. ಆದರೆ ಬೀದಿಯಲ್ಲಿ ಯಾರಾದರೂ 'ಭಟ್ಟರು' ಎಂದರೆ ಅದು ಇವರೇ. ಐದನೆಯ ಕ್ಲಾಸಿನವರೆಗೆ ಓದಿದ್ದರು. ನಾನೋ, ಅಜ್ಜನ ಕಾಲದಿಂದ ಮದ್ರಾಸಿನಲ್ಲಿ ನೆಲೆಸಿದ ಮನೆಯವನು, ಬಿ.ಎ. ಮಾಡಿದವನು, ವಿಮೆಯ ಕಂಪೆನಿಯಲ್ಲಿ ಹೆಡ್ ಕ್ಲಾರ್ಕು, ಅದರ ಮೇಲೆ ಕನ್ನಡ ಸಂಘದ ಕಾರ್ಯದರ್ಶಿ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನಾಲ್ಕು ಜನರ ಪ್ರತಿನಿಧಿಯಾಗಿ ಹೋಗುವವರು ಯಾರು ಎಂದು ಕೇಳಿದರೆ, ಕಣ್ಣಿದ್ದವರು ಯಾರನ್ನು ಆರಿಸಬೇಕು, ನೀವೇ ಹೇಳಿ.

ಅವರಿಗೆ ಒಂದು ಶಕ್ತಿ ಇತ್ತು, ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಮೂರು ಮೇಜಿನ ಹನ್ನೆರಡು ಜನ ಹೇಳಿದ್ದನ್ನು ಕಾಗದದ ಮೇಲೆ ಬರೆಯದೆ ಒಳಗೆ ಹೋಗಿ ಕೂಗುತ್ತಿದ್ದರು. ತಂದಿಟ್ಟಾಗ ಸಕ್ಕರೆ ಬೇಡದವರ ಮುಂದೆ ಸಕ್ಕರೆ ಇಲ್ಲದ ಕಾಫಿಯೇ ಬರುತ್ತಿತ್ತು. ತಪ್ಪಿದ್ದನ್ನು ನಾನು ಕಂಡಿಲ್ಲ, ಕಾಣಬೇಕೆಂದು ಕಾದು ಕೂತೂ ಕಂಡಿಲ್ಲ. "ಕೇಳಿದವ್ರಿಗೆ ಬಡಿಸೂದು ದೊಡ್ಡದಲ್ಲ ರಾಯರೇ, ಕೇಳದೇ ಕೂತವ್ರನ್ನ ನೋಡ್ಬೇಕು" ಎನ್ನುತ್ತಿದ್ದರು. ಮಾತಾಡುವ ಮೊದಲು ಹೆಗಲ ಮೇಲಿನ ಬಟ್ಟೆಯಿಂದ ಮೇಜನ್ನು ಒಮ್ಮೆ ಒರೆಸುವುದು ಅವರ ಅಭ್ಯಾಸ. ಮೇಜು ಚೊಕ್ಕವಾಗಿದ್ದರೂ ಒರೆಸುತ್ತಿದ್ದರು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಮೊದಲ ಚುನಾವಣೆ ಬಂದಾಗ ಶುರುವಾಯಿತು ನೋಡಿ. ಆಗ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಬೇಕು. ಇದನ್ನು ನಮ್ಮ ಜನಕ್ಕೆ ತಿಳಿಸಲು ನಾನು ಎರಡು ಪುಟದ ಕರಪತ್ರ ಬರೆದು ಅಚ್ಚು ಹಾಕಿಸಿದೆ. 'ಮತದಾನ: ನಾಗರಿಕನ ಪವಿತ್ರ ಕರ್ತವ್ಯ' ಎಂದು ಶೀರ್ಷಿಕೆ. ಒಳ್ಳೆಯ ಕನ್ನಡ. ಅದರಲ್ಲಿ ಹೋಟೆಲಿನವರು ಚಕ್ಕುಲಿ ಕಟ್ಟಿಕೊಟ್ಟದ್ದನ್ನು ನಾನೇ ನೋಡಿದೆ.

ಭಟ್ಟರು ಏನು ಮಾಡಿದರು? ನಾಲ್ಕು ಖಾಲಿ ಕಾಫಿಪುಡಿ ಡಬ್ಬಗಳಿಗೆ ನಾಲ್ಕು ಗುರುತಿನ ಚಿತ್ರ ಅಂಟಿಸಿ, ಮುಚ್ಚಳದಲ್ಲಿ ಸೀಳು ಮಾಡಿ, ಮಧ್ಯಾಹ್ನ ಹೋಟೆಲು ಖಾಲಿಯಾದ ಹೊತ್ತಿನಲ್ಲಿ ಬೀದಿಯ ಅಜ್ಜಿಯರನ್ನೆಲ್ಲ ಕರೆದು ಕೂರಿಸಿದರು. ಒಬ್ಬ ಅಜ್ಜಿ ಚೀಟಿಯನ್ನು ಡಬ್ಬದ ಮೇಲೆ ಇಟ್ಟು ಕೈಮುಗಿದರು. "ಮೇಲೆ ಇಟ್ರೆ ನೈವೇದ್ಯ ಅಮ್ಮ, ಒಳಗೆ ಹಾಕಿದ್ರೆ ಓಟು" ಎಂದರು ಭಟ್ಟರು. ಅಷ್ಟೇ. ನನ್ನ ಎರಡು ಪುಟದ ಸಾರ ಅಷ್ಟರಲ್ಲಿ ಮುಗಿದುಹೋಯಿತು. ಆ ಮಾತು ಇಡೀ ತಿರುವಲ್ಲಿಕೇಣಿ ಸುತ್ತಿತು, ತಮಿಳರ ಮನೆಗಳಲ್ಲೂ.

ಅಲ್ಲಿಂದ ಮುಂದೆ ಚುನಾವಣೆ ಬಂತೆಂದರೆ ಭಟ್ಟರು. ಯಾವ ಪಕ್ಷದವರೂ ಅಲ್ಲ, ಆದರೂ ಎಲ್ಲ ಪಕ್ಷದವರೂ ಅವರ ಹತ್ತಿರ ಬರುತ್ತಿದ್ದರು. ಮೇಜಿನ ಆರ್ಡರು ನೆನಪಿಟ್ಟ ಹಾಗೆ ಮತದಾರರ ಪಟ್ಟಿ ಅವರ ತಲೆಯಲ್ಲಿತ್ತು. ಹದಿನಾಲ್ಕನೆಯ ಮನೆ ಮಹಡಿಯಲ್ಲಿ ಮೂರು ಓಟು, ಅದರಲ್ಲಿ ತಾಯಿಗೆ ಕಣ್ಣು ಕಾಣುವುದಿಲ್ಲ, ಬಿಸಿಲೇರುವ ಮುಂಚೆ ಕರೆದುಕೊಂಡು ಹೋಗಬೇಕು. ಈ ಥರ. ನಾನು ಅದೇ ಪಟ್ಟಿಯನ್ನು ಪುಸ್ತಕ ಕಟ್ಟಿ, ಕೆಂಪು ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟಿದ್ದೆ. ಜನ ನನ್ನ ಪುಸ್ತಕವನ್ನು ದಾಟಿಕೊಂಡು ಅವರ ಹತ್ತಿರ ಹೋಗುತ್ತಿದ್ದರು.

ಎರಡನೆಯ ಚುನಾವಣೆಯಲ್ಲಿ ನನ್ನ ಹೆಂಡತಿ ಬೂತಿಗೆ ಹೋದರೆ, ಅವಳ ಓಟನ್ನು ಬೇರೆ ಯಾರೋ ಆಗಲೇ ಹಾಕಿ ಹೋಗಿದ್ದರು. ಮನೆಗೆ ಬಂದು ಹೇಳಿದಳು. ನನಗೆ ನಿಯಮ ಗೊತ್ತಿತ್ತು. ಹಾಗಾದಾಗ ಅಧಿಕಾರಿ ಬೇರೊಂದು ಚೀಟಿ ಕೊಟ್ಟು, ಹಾಕಿದ್ದನ್ನು ಲಕೋಟೆಯಲ್ಲಿ ಪ್ರತ್ಯೇಕ ಇಡಬೇಕು, ಸಾಮಾನ್ಯವಾಗಿ ಅದನ್ನು ಎಣಿಸುವುದಿಲ್ಲ. "ಹೋಗಲಿ ಬಿಡು, ಒಂದು ಓಟಿನಿಂದ ಏನು ಮುಳುಗಿತು" ಎಂದೆ. ಅವಳು ಎದ್ದು ಸೀದಾ ಹೋಟೆಲಿಗೆ ಹೋದಳು. ಭಟ್ಟರು ಹೆಗಲ ಬಟ್ಟೆ ತೆಗೆದಿಟ್ಟು ಅವಳ ಜೊತೆ ಬೂತಿಗೆ ನಡೆದರು. ಅವರಿಗೆ ನಿಯಮ ಗೊತ್ತಿರಲಿಲ್ಲ. "ಇವರ ಓಟು ಇವರಿಗೆ ಬೇಕಂತೆ, ಕೊಡಿ" ಎಂದು ಬಾಗಿಲಲ್ಲಿ ನಿಂತರಂತೆ. ಅಧಿಕಾರಿ ಪುಸ್ತಕ ತೆರೆದು ನಿಯಮ ಹುಡುಕುವವರೆಗೂ ನಿಂತೇ ಇದ್ದರಂತೆ.

ಗೆದ್ದವಳ ಹಾಗೆ ಮನೆಗೆ ಬಂದಳು. "ಆ ಓಟನ್ನು ಎಣಿಸುವುದೇ ಇಲ್ಲ, ಗೊತ್ತಾ?" ಎಂದೆ.

"ಎಣಿಸದೆ ಹೋಗ್ಲಿ, ಪರವಾಯಿಲ್ಲೆ. ಅವರು ನನ್ನ ಜೊತೆ ಬಂದ್ರು ರೀ. ಅವರ ಪೊರುಮೈ ನಿಮಗೆ ಒಂದು ದಿನ ಆದ್ರೂ ಬಂದಿದೆಯಾ?" ಎಂದಳು. ತಾಳ್ಮೆಗೆ ಅವಳು ಪೊರುಮೈ ಎಂದೇ ಹೇಳುವುದು. ಮದ್ರಾಸಿನಲ್ಲಿ ಹುಟ್ಟಿ ತಮಿಳು ಶಾಲೆಯಲ್ಲಿ ಓದಿದವಳು. ಯಾವ ಭಾಷೆಯಲ್ಲಿ ಹೇಳಿದರೇನು, ನನಗೆ ಚುಚ್ಚಿತು.

ಈ ನಡುವೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದ್ದರು. ಅಲ್ಲಿಯವರೆಗೆ ಮದ್ರಾಸು ರಾಜ್ಯದಲ್ಲೇ ಇದ್ದ ಭಟ್ಟರ ಜಿಲ್ಲೆ ಮೈಸೂರಿಗೆ ಸೇರಿತು. ಹೋಟೆಲಿಗೆ ಬಂದವರು, "ನಿಮ್ಮ ಊರು ಅಂದ ಪಕ್ಕ ಹೋಯ್ತಲ್ಲ ಸಾಮಿ" ಎಂದು, ಆ ಕಡೆಗೆ ಹೋಯಿತಲ್ಲ ಎಂದು, ಅವರನ್ನು ಕೆಣಕುತ್ತಿದ್ದರು. "ಊರು ಅಲ್ಲೇ ಉಂಟು. ಬೋರ್ಡು ಬದಲಾಯ್ತು ಅಷ್ಟೆ" ಎಂದು ಇವರು ನಗುತ್ತಿದ್ದರು. ಆದರೆ ನಗುವ ವಿಷಯವಾಗಿ ಉಳಿಯಲಿಲ್ಲ. ನಮ್ಮ ಬೀದಿಯ ಶಾಲೆಯಲ್ಲಿ ಒಂದು ಕನ್ನಡ ತರಗತಿ ಇತ್ತು. ಮಕ್ಕಳು ಕಡಿಮೆ, ನಿಮಗೆ ಬೇರೆ ರಾಜ್ಯವೂ ಆಯಿತು ಎಂದು ಅದನ್ನು ಮುಚ್ಚುವ ಮಾತು ಬಂತು. ನಾನು ಅರ್ಜಿಯ ಮೇಲೆ ಅರ್ಜಿ ಬರೆದೆ. ಉತ್ತರವೇ ಇಲ್ಲ. ಶಾಸನಸಭೆಯಲ್ಲಿ ಎದ್ದು ನಿಂತು ಕೇಳುವ ಒಬ್ಬ ಮನುಷ್ಯ ಬೇಕು ಎನ್ನುವುದು ಎಲ್ಲರಿಗೂ ಹೊಳೆಯಿತು.

ಅರವತ್ತೆರಡರ ಚುನಾವಣೆಗೆ ಕೆಲವು ತಿಂಗಳ ಮೊದಲು, ಹೋಟೆಲಿನ ಮಹಡಿಯಲ್ಲಿ ಬೀದಿಯ ಹಿರಿಯರು ಸೇರಿದರು. ನಮ್ಮವರು ಅರ್ಧ, ತಮಿಳರು ಅರ್ಧ. ಪಕ್ಷೇತರನಾಗಿ ಒಬ್ಬರನ್ನು ನಿಲ್ಲಿಸುವುದೆಂದು ಮಾತಾಯಿತು. ಅಧ್ಯಕ್ಷತೆ ವಹಿಸಿದ್ದವರು ಪಕ್ಕದ ಬೀದಿಯ ತಮಿಳು ವಕೀಲರು. "ಈ ಕೋಣೆಯಲ್ಲೇ ಒಬ್ಬರಿದ್ದಾರೆ, ಅವರನ್ನು ಅರಿಯದ ಮನೆ ಈ ಕ್ಷೇತ್ರದಲ್ಲಿ ಇಲ್ಲ" ಎಂದು ತಮಿಳಿನಲ್ಲಿ ಪೀಠಿಕೆ ಹಾಕಿದರು. ನಾನು ಅಂಗವಸ್ತ್ರ ಸರಿಮಾಡಿಕೊಂಡೆ. ಬೇಡ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲ ಒಪ್ಪಿಕೊಳ್ಳುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಅವರು ಮೊದಲು ಕಾಫಿ ಕೊಟ್ಟು ಮುಗಿಸಲಿ, ಆಮೇಲೆ ಕೇಳೋಣ" ಎಂದರು ವಕೀಲರು. ಎಲ್ಲರೂ ನಕ್ಕರು. ಭಟ್ಟರು ನನ್ನ ಮುಂದೆಯೇ ಬಗ್ಗಿ ಲೋಟ ಇಡುತ್ತಿದ್ದರು.

ದೇವರಾಣೆ, ಆ ಲೋಟವನ್ನು ನಾನು ಮುಟ್ಟಲಿಲ್ಲ.

"ನಾನು ಅಲ್ಲಿಗೆ ಹೋಗಿ ಎಂತ ಮಾಡೂದು? ಮಂತ್ರಿಗಳಿಗೆ ದೋಸೆ ಕೊಡೂದಾ?" ಎಂದರು ಭಟ್ಟರು. ಅವರ ಮುಖ ಕೆಂಪಾಗಿತ್ತು. "ರಾಯರಿದ್ದಾರಲ್ಲ, ಓದಿದವ್ರು" ಎಂದು ನನ್ನನ್ನು ತೋರಿಸಿದರು. ವಕೀಲರು ನನ್ನ ಕಡೆ ತಿರುಗಿ, "ರಾಯರ್ ರೊಂಬ ನಲ್ಲವರ್" ಎಂದರು. ರಾಯರು ತುಂಬಾ ಒಳ್ಳೆಯವರು. ಮುಂದೆ ಇನ್ನೊಂದು ಮಾತು ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಕೊನೆಗೆ, ಮಕ್ಕಳ ತರಗತಿ ಉಳಿಯುವುದಾದರೆ ಆಗಲಿ ಎಂದು ಭಟ್ಟರು ಒಪ್ಪಿದರು.

ಈಗ ನಾನು ಮಾಡಿದ್ದನ್ನು ಹೇಳಬೇಕು. ಪ್ರತಿವರ್ಷ ಮತದಾರರ ಕರಡು ಪಟ್ಟಿ ಹೊರಬಿದ್ದಾಗ, ನಮ್ಮವರಲ್ಲಿ ತೀರಿಕೊಂಡವರು, ಮನೆ ಬಿಟ್ಟವರು, ಎರಡು ಕಡೆ ಹೆಸರಿರುವವರು ಇಂಥವರನ್ನೆಲ್ಲ ಹುಡುಕಿ, ತೆಗೆಯಬೇಕಾದ ಹೆಸರುಗಳ ಪಟ್ಟಿಯನ್ನು ನನ್ನ ಕೈಯಾರೆ ಬರೆದು ಪಟ್ಟಿಯ ಅಧಿಕಾರಿಗೆ ಕಳಿಸುವುದು ಸಂಘದ ಕಾರ್ಯದರ್ಶಿಯಾಗಿ ನನ್ನ ಕೆಲಸ. ಆ ವರ್ಷ ಅದಕ್ಕೆ ಒಂದು ಸಾಲು ಸೇರಿಸಿದೆ.

ವಿಷಯ ಭಟ್ಟರೇ ಹೇಳಿದ್ದು, ನಗುತ್ತಾ, ಮೇಜು ಒರೆಸುತ್ತಾ. ಊರಿನ ಮನೆಗೆ ಓಟಿನ ಪಟ್ಟಿ ಬರೆಯುವವರು ಬಂದಾಗ ಅವರ ತಾಯಿ ಆರೂ ಮಕ್ಕಳ ಹೆಸರು ಬರೆಸಿದ್ದರಂತೆ. ಒಬ್ಬ ಮುಂಬಯಿಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಇವರು ಮದ್ರಾಸಿನಲ್ಲಿ, ಎಲ್ಲರೂ ಹೋಟೆಲಿನಲ್ಲೇ. "ಅವ್ರು ಕೆಲಸಕ್ಕೆ ಹೋದದ್ದು, ಮನೆ ಬಿಟ್ಟು ಹೋದದ್ದಲ್ಲ" ಎಂದರಂತೆ ಆ ತಾಯಿ. ಆ ಕಡೆಯ ತಾಯಂದಿರೆಲ್ಲ ಹಾಗೆಯೇ ಬರೆಸುತ್ತಾರಂತೆ. ಮಕ್ಕಳ ತಲೆ ಎಣಿಸುವಾಗ ಒಂದನ್ನು ಬಿಡುವುದು ಹೇಗೆ? ಜಿಲ್ಲೆ ನಮ್ಮದೇ ರಾಜ್ಯದಲ್ಲಿದ್ದಾಗ ಅದು ಬರೀ ತಪ್ಪಾಗಿತ್ತು. ಈಗ ಅದು ಬೇರೆ ರಾಜ್ಯ. ಮದ್ರಾಸಿನ ಪಟ್ಟಿಯಲ್ಲಿ ಹೆಸರಿಲ್ಲದವನು ಮದ್ರಾಸಿನ ಶಾಸನಸಭೆಗೆ ನಿಲ್ಲುವ ಹಾಗಿಲ್ಲ. 'ಇವರು ಇಲ್ಲಿ ಸಾಮಾನ್ಯವಾಗಿ ವಾಸ ಮಾಡುವವರಲ್ಲ, ಇವರ ಹೆಸರು ಸ್ವಂತ ಊರಿನ ಪಟ್ಟಿಯಲ್ಲಿದೆ.' ಇಷ್ಟೇ ನಾನು ಬರೆದದ್ದು. ಒಂದಕ್ಷರ ಸುಳ್ಳಿಲ್ಲ. ಅದೇ ನನ್ನ ಸಮಾಧಾನವಾಗಿತ್ತು, ಥೂ.

ಒಂದು ವಾರಕ್ಕೆ ಭಟ್ಟರಿಗೆ ವಿಚಾರಣೆಯ ನೋಟೀಸು ಬಂತು. ಅದನ್ನು ಹಿಡಿದುಕೊಂಡು ಅವರು ಬಂದದ್ದು ಎಲ್ಲಿಗೆ? ನನ್ನ ಮನೆಗೆ. "ನಿಮಗೆ ಕಾನೂನು ಗೊತ್ತುಂಟಲ್ಲ ರಾಯರೇ, ನನ್ನ ಜೊತೆ ಬನ್ನಿ" ಎಂದರು. ಏನು ಹೇಳಬೇಕು ಎಂದು ಕೇಳಿದರು. "ಕೇಳಿದ್ದಕ್ಕೆ ನಿಜ ಹೇಳಿದರೆ ಸಾಕು" ಎಂದೆ. ಅವರು ಹೇಗೂ ನಿಜವನ್ನೇ ಹೇಳುವವರು ಎಂದು ತಿಳಿದೇ ಹಾಗೆಂದೆ.

ಅಧಿಕಾರಿ ವಯಸ್ಸಾದವರು, ಒಳ್ಳೆಯವರು. "ಉಂಗ ವೀಡು ಎಂಗೆ?" ಎಂದು ಕೇಳಿದರು. ನಿಮ್ಮ ಮನೆ ಎಲ್ಲಿ?

"ವೀಡು ಊರ್ಲೆ ಇರುಕ್ಕು ಸಾರ್. ಇಂಗೆ ಹೋಟೆಲ್" ಎಂದರು ಭಟ್ಟರು. ಮನೆ ಊರಿನಲ್ಲಿದೆ, ಇಲ್ಲಿರುವುದು ಹೋಟೆಲು.

ಮೂವತ್ತು ವರ್ಷ ಆ ಹೋಟೆಲಿನ ಮಹಡಿಯ ಮೇಲೆ ಚಾಪೆ ಹಾಸಿ ಮಲಗಿದ ಮನುಷ್ಯ. ಒಂದು ದಿನವೂ ಅದನ್ನು ಮನೆ ಎಂದು ಕರೆದಿರಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟು ತಾವೇ ದಾರಿ ತೋರಿಸಿದರು. ಇಲ್ಲಿ ಇರುವವನು ನಾನು, ಊರಿನಲ್ಲಿ ತಿಳಿಯದೆ ಬರೆಸಿದ್ದಾರೆ ಎಂದು ನೀವು ಒಂದು ಮಾತು ಹೇಳಿದರೆ, ಅಲ್ಲಿಯದನ್ನು ತೆಗೆಸಿ ಇಲ್ಲಿಯದನ್ನು ಉಳಿಸುತ್ತೇನೆ ಎಂದರು. ಭಟ್ಟರು ಮೇಜಿನ ಕಡೆ ನೋಡಿದರು. ಕೈ ಹೆಗಲಿಗೆ ಹೋಯಿತು. ಅಲ್ಲಿ ಬಟ್ಟೆ ಇರಲಿಲ್ಲ.

"ಅಮ್ಮಾ ಸೊಲ್ಲಿಯಾಚ್ಚು ಸಾರ್" ಎಂದರು. ಅಮ್ಮ ಹೇಳಿಯಾಗಿದೆ. ಅದನ್ನು ಸುಳ್ಳು ಎಂದು ನಾನು ಹೇಗೆ ಹೇಳಲಿ?

ಅಧಿಕಾರಿ ನನ್ನ ಮುಖ ನೋಡಿದರು. ಆಗ ನಾನು ಬಾಯಿಬಿಟ್ಟಿದ್ದರೆ ಆಗುತ್ತಿತ್ತು. ಇವರು ಇಲ್ಲಿಯವರೇ, ಇಡೀ ಬೀದಿ ಸಾಕ್ಷಿ ಎಂದು ನಾನು ಒಂದು ಮಾತು ಹೇಳಿದ್ದರೆ ಆ ಮುದುಕರು ಬರೆದುಕೊಳ್ಳುತ್ತಿದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಭಟ್ಟರ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಹಿಂದೆ ಬಂದೆವು. ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಭಟ್ಟರು ಕಿಸೆಯಿಂದ ನೋಟೀಸು ತೆಗೆದು, ಅದರ ಜೊತೆ ಪಿನ್ನು ಹಾಕಿದ್ದ ಅರ್ಜಿಯನ್ನು ನನ್ನ ತೊಡೆಯ ಮೇಲೆ ಇಟ್ಟರು. ನಾನು ಬರೆದ ಹಾಳೆಯೇ, ನನ್ನ ಸಹಿಯ ಸಮೇತ. ಅದನ್ನೇ ನೋಟೀಸಿನ ಜೊತೆ ಕಳಿಸುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಕಾನೂನು ಗೊತ್ತಿದ್ದವನು ನಾನು!

"ಚಂದ ಬರ್ದಿದ್ದೀರಿ ಮಾರಾಯ್ರೆ" ಎಂದರು. ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. "ಒಬ್ಬನನ್ನ ತೆಗೆಸ್ಲಿಕ್ಕೆ ಒಂದೇ ಸಾಲು ಸಾಕಾಯ್ತು ನಿಮಗೆ. ಶಾಸನಸಭೆಗೆ ಹೋಗಿ ಕೂತ್ರೆ ಮಕ್ಕಳ ಕ್ಲಾಸು ಉಳಿಸ್ಲಿಕ್ಕೂ ಒಂದು ಸಾಲು ಬರೀಬಹುದು. ನೀವೇ ನಿಲ್ಲಿ. ವಕೀಲರ ಹತ್ರ ನಾನು ಮಾತಾಡ್ತೇನೆ."

"ಗೊತ್ತಿದ್ದೂ ನನ್ನನ್ನೇ ಯಾಕೆ ಕರೆದುಕೊಂಡು ಹೋದಿರಿ?" ಎಂದು ಕೇಳಿದೆ.

"ನೀವು ಅಲ್ಲಿ ಎಂತಾದ್ರೂ ಹೇಳ್ತೀರೋ ಅಂತ ನೋಡಿದೆ" ಎಂದರು.

ಬೈದಿದ್ದರೆ, ಬೀದಿಯಲ್ಲಿ ನನ್ನ ಮಾನ ಕಳೆದಿದ್ದರೆ, ಲೆಕ್ಕ ಸಮ ಆಗುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ಅಧಿಕಾರಿಗಳೇ ಹೆಸರು ತೆಗೆದರು ಎಂದು ಹೇಳಿ, ನನ್ನನ್ನು ಅಭ್ಯರ್ಥಿ ಮಾಡಿಸಿ, ಪ್ರಚಾರಕ್ಕೂ ಹೊರಟರು. ನನಗೆ ಸಿಕ್ಕ ಗುರುತು ಬೈಸಿಕಲ್. ಅದನ್ನು ಹತ್ತಲು ನನಗೆ ಬರುವುದಿಲ್ಲ, ಆ ಮಾತು ಇರಲಿ. ಮನೆಮನೆಗೂ ಇಬ್ಬರೂ ಹೋದೆವು. ನನಗೆ ಜಗಲಿಯಲ್ಲಿ ಕುರ್ಚಿ. ಭಟ್ಟರಿಗೆ ಸೀದಾ ಅಡುಗೆಮನೆಯ ಬಾಗಿಲು. ಒಳಗಿನಿಂದ ಹೆಂಗಸರು, "ನೀಂಗ ನಿಕ್ಕಲಯಾ ಸಾಮಿ?" ಎಂದು ಕೇಳುವುದು ನನಗೆ ಕೇಳಿಸುತ್ತಿತ್ತು. ನೀವು ನಿಲ್ಲುವುದಿಲ್ಲವೇ ಎಂದು. "ರಾಯರು ಬೇರೆಯಲ್ಲ, ನಾನು ಬೇರೆಯಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಎದ್ದು ಹೋಗಿಬಿಡೋಣ ಅನ್ನಿಸುತ್ತಿತ್ತು. ಅಭ್ಯರ್ಥಿ ನಾನು, ಹೆಸರು ನನ್ನದು, ಓಟು ಮಾತ್ರ ಅವರ ಮುಖ ನೋಡಿ ಬರಬೇಕು. ಬೇಡುವವನ ಹೊಟ್ಟೆಕಿಚ್ಚಿಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಓಟಿನ ದಿನ ಬೂತಿನ ಹೊರಗೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಈಚೆ, ತಮಗೆ ಓಟಿಲ್ಲದ ಭಟ್ಟರು ಬೆಳಗಿನಿಂದ ಸಂಜೆಯವರೆಗೆ ನಿಂತು, ಬಂದವರಿಗೆಲ್ಲ ಅವರವರ ನಂಬರು ಹೇಳಿ ಒಳಗೆ ಕಳಿಸಿದರು. ನನ್ನ ಹೆಂಡತಿಯನ್ನೂ ಅವರೇ ಕಳಿಸಿದರು.

ನಾನು ಸೋತೆ, ಹೀನಾಯವಾಗಿ. ಆ ಜೂನಿನಲ್ಲಿ ಕನ್ನಡ ತರಗತಿಯೂ ಮುಚ್ಚಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಉಳಿದಿರುವುದು ಎಣಿಕೆಯ ದಿನದ ಮಾತು.

ಎಣಿಕೆಗೆ ನನ್ನ ಏಜೆಂಟಾಗಿ ಭಟ್ಟರೇ ಬಂದಿದ್ದರು. ಈ ಸಲ ಪೆಟ್ಟಿಗೆಗಳ ಕಾಲ ಮುಗಿದು, ಒಂದೇ ಚೀಟಿಯಲ್ಲಿ ಎಲ್ಲರ ಗುರುತು, ಬೇಕಾದವರ ಮುಂದೆ ಮುದ್ರೆ ಒತ್ತಬೇಕು. ಮುದ್ರೆ ಇಲ್ಲದ್ದು, ಏನಾದರೂ ಬರೆದದ್ದು ತಿರಸ್ಕೃತ. ಎಣಿಕೆಯ ಮೇಜಿನ ಅಧಿಕಾರಿ ಒಂದು ಚೀಟಿ ಎತ್ತಿ ನಮಗೆ ತೋರಿಸಿದರು. ಎಲ್ಲಿಯೂ ಮುದ್ರೆ ಇಲ್ಲ. ಬೈಸಿಕಲ್ಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಏನೋ ಬರೆದಿದೆ.

"ಇದು ಎನ್ನ? ಏನಿದು, ಓಟು ಹಾಕಿದವರ ಸಹಿಯಾ?" ಎಂದು ಕೇಳಿದರು. ಅವರಿಗೆ ಕನ್ನಡ ಓದಲು ಬಾರದು.

ನಾನು ಓದಿದೆ. ಭಟ್ಟರ ಹೆಸರು. ಭಟ್ಟ ಎಂದಲ್ಲ, ತಾಯಿ ಪಟ್ಟಿಗೆ ಬರೆಸಿದ ಪೂರ್ತಿ ಹೆಸರು. ನಾನು ಪಟ್ಟಿಯಿಂದ ತೆಗೆಸಿದ ಹೆಸರು ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಭಟ್ಟರು ಬಗ್ಗಿ ನೋಡಿದರು, ನೋಡಿ ನೆಟ್ಟಗಾದರು.

"ಒಣ್ಣುಮಿಲ್ಲೆ ಸಾರ್. ಸುಮ್ಮಾ ಕಿರುಕ್ಕಲ್" ಎಂದರು. ಏನೂ ಇಲ್ಲ, ಬರೀ ಗೀಚಿದ್ದು.

ಅಂಥವು ಇನ್ನೂ ಬಂದವು. ಹೋಟೆಲುಗಳ ಹುಡುಗರು, ಅಡುಗೆಯವರು, ಭಟ್ಟರ ಮಾತಿಗೆ ಕಟ್ಟುಬಿದ್ದು ಬೂತಿಗೆ ಬಂದವರು, ಒಳಗೆ ಹೋದ ಮೇಲೆ ಕಿವಿಯ ಮೇಲಿನ ಪೆನ್ಸಿಲು ತೆಗೆದಿದ್ದರು. ಪ್ರತಿ ಚೀಟಿಗೂ ಭಟ್ಟರು, "ಕಿರುಕ್ಕಲ್ ಸಾರ್" ಎಂದರು. ತಮ್ಮ ಹೆಸರನ್ನು ತಮ್ಮ ಬಾಯಿಂದಲೇ ತಿರಸ್ಕೃತದ ಕಟ್ಟಿಗೆ ಹಾಕಿಸಿದರು.

ಆಮೇಲೆ ಹೆಂಗಸರ ಬೂತಿನ ಪೆಟ್ಟಿಗೆ ಒಡೆದರು. ಅದರಲ್ಲಿಯೂ ಒಂದು. ಅದೇ ಹೆಸರು. ಅಕ್ಷರ ದುಂಡಗೆ, ಒತ್ತಕ್ಷರ ಸ್ವಲ್ಪ ದೂರ ಸರಿದು ಕೂತಿತ್ತು. ಮದುವೆಯಾಗಿ ಬಂದ ಮೇಲೆ ನಾನೇ ಸ್ಲೇಟು ಹಿಡಿಸಿ ಕಲಿಸಿದ ಅಕ್ಷರ. ತಿಂಗಳಿಗೊಮ್ಮೆ ಬೇಳೆ, ಬೆಲ್ಲ, ಹುಣಿಸೆಹಣ್ಣು ಎಂದು ಚೀಟಿ ಬರೆದು ನನ್ನ ಕೈಗೆ ಕೊಡುವ ಅಕ್ಷರ.

"ಇದುವುಂ ಕಿರುಕ್ಕಲಾ?" ಎಂದರು ಅಧಿಕಾರಿ, ಇದೂ ಗೀಚಿದ್ದೇನಾ ಎಂದು.

ಭಟ್ಟರಿಗೆ ಆ ಅಕ್ಷರದ ಗುರುತು ಇರಲಿಲ್ಲ. ಅವರು ಬಾ‌ಯಿ ತೆರೆಯುವ ಮೊದಲೇ ನಾನು ಹೌದೆಂದೆ: "ಆಮಾ ಸಾರ್. ಕಿರುಕ್ಕಲ್."

ಅವಳ ಓಟು ನನಗೆ ಬೀಳಲಿಲ್ಲ ಎಂದು ಸಿಟ್ಟು ಬಂದಿದ್ದರೆ ಅದು ಅಂದೇ ಇಳಿದುಹೋಗುತ್ತಿತ್ತು. ಹದಿನೆಂಟು ವರ್ಷದ ಸಂಸಾರ ನಮ್ಮದು. ಗಂಡನ ಹೆಸರು ಹೇಳಬಾರದೆಂದು ಅವಳು ನನ್ನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ, ಒಂದು ಕಾಗದದಲ್ಲೂ ಬರೆದವಳಲ್ಲ. ಅವರ ಹೆಸರನ್ನು ಬರೆದಿದ್ದಳು.